ಚರಗದ ಹೊಲವನ್ನು ಕಲ್ಲು-ಕಸದ ನಕಾಶೆಯಿಂದ ಕೈಬಿಡುವ ಕುರಿತು

ಇಂದ:
ಸುಜಾತಾ ಗಂಡ ಅಂಬರೀಶ,
ಅತಿಥಿ ಶಿಕ್ಷಕಿ ಹಾಗೂ ಬೂದೆಮ್ಮನವರ ಸೊಸೆ,
ಕರಿಗುಡ್ಡದ ಹಾದಿಯ ಹೊಲ, ದೇವದುರ್ಗ ಮತ್ತು ಮಾನ್ವಿ ನಡುವೆ.

ಗೆ:
ಮಾನ್ಯ ಅಧ್ಯಕ್ಷರು,
ಖನಿಜ ಮತ್ತು ತ್ಯಾಜ್ಯ ಜಂಟಿ ಪ್ರಾದೇಶಿಕ ಯೋಜನಾ ಸಮಿತಿ,
(ರಾಯಚೂರು, ದೇವದುರ್ಗ, ಮಾನ್ವಿ).

ವಿಷಯ: ನಮ್ಮ ಅತ್ತೆಯ ಹೊಲದಲ್ಲಿ ತಾವು ಉಂಡದ್ದನ್ನು ಸ್ಥಳ ಪರಿಶೀಲನೆ ಎಂದು ಪರಿಗಣಿಸದಿರುವ ಬಗ್ಗೆ.

ಉಲ್ಲೇಖ: 1) ತಮ್ಮ ಕರಡು ಯೋಜನೆ, ನಕಾಶೆ ಸಹಿತ.
2) ಕಳೆದ ಎಳ್ಳ ಅಮಾವಾಸ್ಯೆಯ ಶೇಂಗಾ ಹೋಳಿಗೆ.

ಮಾನ್ಯರೇ,

ಮೇಲ್ಕಂಡ ವಿಷಯದಲ್ಲಿ ತಮ್ಮ ಅಮೂಲ್ಯ ಗಮನಕ್ಕೆ ತರಬಯಸುವುದೇನೆಂದರೆ:

1. ಕಲ್ಲು ಎಲ್ಲಿಂದ ತೆಗೆಯಬೇಕು, ಕಸ ಎಲ್ಲಿ ಹಾಕಬೇಕು ಎಂಬುದನ್ನು ಮೂರೂ ಊರಿನವರು ಕೂಡಿ ತೀರ್ಮಾನಿಸಲು ತಮ್ಮ ಸಮಿತಿ ಹುಟ್ಟಿದೆ. ಇಲ್ಲಿಯತನಕ ಒಂದೊಂದು ಊರಿನವರೂ ತಮ್ಮ ಕಸವನ್ನು ಕದ್ದು ಪಕ್ಕದೂರಿನ ಗಡಿಯಲ್ಲಿ ಸುರಿದು ಬರುತ್ತಿದ್ದರು. ಈಗ ಅದನ್ನೇ ನಕಾಶೆ ಹಾಕಿ ಮಾಡುವುದು ಪ್ರಗತಿಯೇ ಸರಿ. ಕರಿಗುಡ್ಡದ ಹಳೇ ಕ್ವಾರಿಯಲ್ಲಿ ಉಳಿದ ಕಲ್ಲು ತೆಗೆದು, ಆ ಗುಂಡಿಗೇ ಕಸ ತುಂಬಬೇಕೆಂಬುದು ತಮ್ಮ ಮೂಲ ಆಲೋಚನೆ. ಸಮಿತಿಯೊಂದು ಇಷ್ಟು ಸರಿಯಾಗಿ ಯೋಚಿಸಿದ್ದು ಕಂಡು ನನಗೇ ಗಾಬರಿಯಾಗಿತ್ತು.

2. ಆದರೆ ತಾವು ಗುಡ್ಡ ನೋಡಲು ಮೂರು ಜೀಪಿನಲ್ಲಿ ಹೊರಟ ದಿನ ಎಳ್ಳ ಅಮಾವಾಸ್ಯೆ. ನಾವು ಹೊಲದಲ್ಲಿ ಬನ್ನಿ ಮರದ ಕೆಳಗೆ ಐದು ಕಲ್ಲಿಟ್ಟು ಪೂಜೆ ಮಾಡಿ, ಭೂಮಿತಾಯಿಗೆ ನೈವೇದ್ಯವಾಗಿ ಹೊಲದ ತುಂಬ ಚರಗ ಚೆಲ್ಲಿ, ಬುತ್ತಿ ಬಿಚ್ಚಿದ್ದೆವು. ಆ ದಿನ ಹಾದಿಯಲ್ಲಿ ಹೋಗುವವರನ್ನು ಕರೆದು ಉಣ್ಣಿಸುವುದು ಈ ಸೀಮೆಯ ಪದ್ಧತಿ. ನಮ್ಮತ್ತೆ ಬೂದೆಮ್ಮ ಜೀಪಿಗೇ ಅಡ್ಡ ನಿಂತರು.

"ಯಪ್ಪಾ, ಹಂಗ ಹೋಗಬ್ಯಾಡ್ರಿ. ಬರ್ರಿ, ಎರಡು ತುತ್ತು ಉಂಡು ಹೋಗ್ರಿ."

ತಾವು ಎರಡು ತುತ್ತಿಗೆ ನಿಲ್ಲಲಿಲ್ಲ ಎಂಬುದನ್ನು ಇಲ್ಲಿ ಬರೆಯುವುದು ಅತಿಥಿಗಳಿಗೆ ಅವಮಾನವಾದ್ದರಿಂದ ಬರೆಯುವುದಿಲ್ಲ.

3. ಉಂಡಾದ ಮೇಲೆ ಗುಡ್ಡ ಹತ್ತುವ ಪ್ರಶ್ನೆ ಬಂತು. ರಾಯಚೂರಿನ ಸಾಹೇಬರು ಮರಕ್ಕೆ ಒರಗಿದ್ದರು. ಮಾನ್ವಿಯವರು ಬೆಲ್ಟು ಸಡಿಲಿಸುತ್ತಿದ್ದರು. ದೇವದುರ್ಗದವರು, "ಗುಡ್ಡ ಎಲ್ಲಿ ಓಡಿ ಹೋಗ್ತದ ಬಿಡ್ರೀ, ಇಲ್ಲೇ ಒಂದು ಫೋಟೋ ಹೊಡ್ಕೊಂಡರಾತು" ಎಂದರು. ಅದರಂತೆ ಅಕ್ಷಾಂಶ ರೇಖಾಂಶ ಬೀಳುವ ಸರಕಾರಿ ಮೊಬೈಲಿನಲ್ಲಿ, ಪರಿಶೀಲನೆಯ ಪುರಾವೆಗೆಂದು, ನಮ್ಮ ಹೊಲದಲ್ಲಿ ನಿಂತು ಫೋಟೋ ತೆಗೆಸಿಕೊಂಡಿರಿ. ನಮ್ಮತ್ತೆಯನ್ನೂ ಕರೆದು ನಡುವೆ ನಿಲ್ಲಿಸಿದಿರಿ.

4. ಆ ಫೋಟೋ ಯಾವ ಜಾಗದ್ದೋ ಅದೇ ಯೋಜನೆಯ ಜಾಗವಾಯಿತು. ಹೀಗಾಗಿ, ನಮ್ಮ ಎರಡು ಎಕರೆ ಕಪ್ಪು ಮಣ್ಣಿನ ಎರೆ ಹೊಲ ಈಗ ತಮ್ಮ ನಕಾಶೆಯ ಒಂದು ಹಾಳೆಯಲ್ಲಿ ಕಲ್ಲಿನ ವಲಯ, ಇನ್ನೊಂದು ಹಾಳೆಯಲ್ಲಿ ಕಸದ ವಲಯ. "ಸ್ಥಳದಲ್ಲಿ ಕಲ್ಲಿನ ನಿಕ್ಷೇಪ ಕಣ್ಣಿಗೆ ಕಾಣುತ್ತದೆ" ಎಂದು ವರದಿ ಹೇಳುತ್ತದೆ. ಅವು ನಮ್ಮ ಪೂಜೆಯ ಐದು ಕಲ್ಲು. ಹೊಲದಲ್ಲಿ ಹುಡುಕಿದರೂ ಕಲ್ಲು ಸಿಗದ ಕಾರಣ ನನ್ನ ಗಂಡ ಅವನ್ನು ಕರಿಗುಡ್ಡದಿಂದಲೇ ತಂದಿದ್ದರು. "ಸ್ಥಳವು ಈಗಾಗಲೇ ತ್ಯಾಜ್ಯ ಹಾಕಲು ಬಳಕೆಯಲ್ಲಿದೆ" ಎಂದೂ ಇದೆ. ಸ್ವಾಮೀ, ಅವು ತಾವು ಉಂಡು ಬಿಟ್ಟ ಎಲೆಗಳು.

"ಮೂರೂ ಸಂಸ್ಥೆಗಳು ಪೂರ್ಣ ತೃಪ್ತಿ ವ್ಯಕ್ತಪಡಿಸಿವೆ" ಎಂಬ ಸಾಲಿಗೆ ಮಾತ್ರ ನಮ್ಮ ತಕರಾರಿಲ್ಲ.

5. ತಿದ್ದುಪಡಿ ಕೇಳಲು ತಮ್ಮ ಕಚೇರಿಗೆ ಬಂದೆ. ಗುಮಾಸ್ತ ಪೀರಾ ಸಾಬ್ ಅವರು ಕುರ್ಚಿ ಕೊಟ್ಟು, ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

"ಅಕ್ಕಾರ, ಮೂರೂ ಊರಿನವರು ಕೂಡಿ ಮತ್ತೊಮ್ಮಿ ಹೋಗಿ ನೋಡಿದ್ರನ ಇದು ಬದಲಾಗೋದು. ಆದ್ರ ಅವರು ಕೂಡೂದು ಭಾಳ ಕಷ್ಟ ಅದರೀ. ಅವತ್ತು ಜೀಪಿನಾಗೂ ಜಗಳಾಡಿಕೋಂತನ ಹೋಗಿದ್ರು. ಕೂಡಿ ಕುಂತಿದ್ದು ನಿಮ್ಮ ಹೊಲದಾಗ ಒಂದೇ."

6. ಬರುವ ವಾರ ಗಡಿ ಗುರುತಿಸಲು ಜನ ಬರುತ್ತಾರಂತೆ. ಆದ್ದರಿಂದ ಈ ಹೊಲ ನಮಗೆ ಏನೆಂಬುದನ್ನು ಹೇಳಿಬಿಡುತ್ತೇನೆ. ನಮ್ಮ ಮನೆತನಕ್ಕೆ ಇದೇ ಮೊದಲ ಸ್ವಂತ ಭೂಮಿ. ಅದಕ್ಕೂ ಮುಂಚೆ ನಮ್ಮತ್ತೆ ಕೂಲಿಗೆ ಹೋಗುತ್ತಿದ್ದ ಗೌಡರ ಹೊಲದ ಚರಗದಲ್ಲಿ, ಎಲ್ಲರ ಊಟ ಮುಗಿದ ಮೇಲೆ ಬದುವಿನಾಚೆ ದೂರ ಕುಳಿತು ಸೆರಗಿನಲ್ಲಿ ರೊಟ್ಟಿ ಹಾಕಿಸಿಕೊಂಡು ಉಂಡವರು. ಅದಕ್ಕೇ ತಮ್ಮದೇ ಹೊಲದಲ್ಲಿ ಅವರು ಯಾರನ್ನೂ ದೂರ ಕೂರಿಸುವುದಿಲ್ಲ, ಯಾರನ್ನೂ ಉಣ್ಣಿಸದೆ ಕಳಿಸುವುದಿಲ್ಲ. ಮೂರೂರಿನ ಸಾಹೇಬರು ನಮ್ಮತ್ತೆಯ ಕೈಯಿಂದ ಬಡಿಸಿಕೊಂಡು ಸಾಲಾಗಿ ಕುಳಿತು ಉಂಡದ್ದನ್ನು ಅವರು ಓಣಿಗೆಲ್ಲ ಹೇಳಿಕೊಂಡು ತಿರುಗಿದ್ದರು.

ನಕಾಶೆಯ ಸುದ್ದಿ ಓದಿ ಹೇಳಿದಾಗ ಅತ್ತು ರಂಪ ಮಾಡಬಹುದೆಂದುಕೊಂಡಿದ್ದೆ. "ಏನವ್ವಾ ಸುಜಾತಾ, ನಾ ಕರೀಬಾರದಿತ್ತೇನು?" ಎಂದಷ್ಟೇ ಕೇಳಿದರು. ನನಗೆ ತಮ್ಮೆಲ್ಲರ ಮೇಲೆ ಕೆಟ್ಟ ಸಿಟ್ಟು ಬಂತು. ಸದರಿ ಸಿಟ್ಟು ಈಗಲೂ ಚಾಲ್ತಿಯಲ್ಲಿದೆ.

ಆದ್ದರಿಂದ, ತಾವು ದಯಮಾಡಿ ಇದೇ ವಾರ ಮೂರೂ ಊರಿನ ಸದಸ್ಯರೊಂದಿಗೆ ಮರುಪರಿಶೀಲನೆಗೆ ಬರಬೇಕು. ತಮ್ಮನ್ನು ಒಂದು ಕಡೆ ಕೂರಿಸಲು ಬೇರೆ ಉಪಾಯ ಇಲ್ಲದ ಕಾರಣ ಊಟ ನಮ್ಮದೇ. ಆದರೆ ಈ ಸಲ ಎಲೆ ಹಾಕುವುದು ಕರಿಗುಡ್ಡದ ಮೇಲೆ, ಕ್ವಾರಿಯ ದಂಡೆಯಲ್ಲಿ. ಮೊದಲು ಫೋಟೋ, ಆಮೇಲೆ ಹೋಳಿಗೆ.

ಇತಿ, ತಮಗೆ ಬಡಿಸಿದ ಕೈಗಳ ಪರವಾಗಿ,
ಸುಜಾತಾ

ಲಗತ್ತುಗಳು:
1) ಬೂದೆಮ್ಮನವರ ಹೆಸರಿನ ಪಹಣಿ.
2) ಪೂಜೆಯ ಕಲ್ಲು ಒಂದು (ಉಳಿದ ನಿಕ್ಷೇಪ ಮನೆಯಲ್ಲಿದೆ).
3) ಹೊಲದ ಮಣ್ಣು, ಒಂದು ಮುಷ್ಟಿ. ಪರೀಕ್ಷೆಯ ನಂತರ ಹಿಂತಿರುಗಿಸುವುದು.

ವಿಶೇಷ ಸೂಚನೆ: ತಮ್ಮ ಯೋಜನೆಯಿಂದ ಆ ಫೋಟೋ ರದ್ದಾದ ನಂತರ ಅದರ ಒಂದು ಪ್ರತಿಯನ್ನು ನಮಗೆ ಕೊಡಿಸಬೇಕಾಗಿ ವಿನಂತಿ. ನಮ್ಮತ್ತೆ ನಗುತ್ತಿರುವ ಫೋಟೋ ನಮ್ಮ ಮನೆಯಲ್ಲಿ ಬೇರೊಂದಿಲ್ಲ.