ಗೇಟಿನ ಬೋರ್ಡಿಗೆ ಒಂದು ಇಸವಿ

ಬೋರ್ಡಿನ ಮೇಲೆ ಎಲ್ಲವೂ ಇತ್ತು, ಇಸವಿಯೊಂದನ್ನು ಬಿಟ್ಟು. ಹಸಿರು ತಗಡಿನ ಮೇಲೆ ಹಳದಿ ಅಕ್ಷರಗಳಲ್ಲಿ ‘ವೆಂಕಟರಮಣ ಎಸ್ಟೇಟ್, ನಾರ್ವೆ’ ಎಂದು ಬರೆದು, ಕೆಳಗೆ ‘ಸ್ಥಾಪನೆ’ ಎಂದು ಸೇರಿಸಿ, ಪೇಂಟರ್ ಗುರುವ ಬ್ರಷ್ಷನ್ನು ಗಾಳಿಯಲ್ಲೇ ಹಿಡಿದು ನಿಂತ.

“ಇಸವಿ ಎಷ್ಟು ವೆಂಕಟಣ್ಣ?”

ಅಜ್ಜ ಒಬ್ಬನೇ ಕಾಡು ಕಡಿದು ಈ ತೋಟ ಎಬ್ಬಿಸಿದ್ದು, ಅಡ್ಡ ಬಂದ ಹುಲಿಯನ್ನು ಕಂಬಳಿ ಬೀಸಿ ಓಡಿಸಿದ್ದು ಎಲ್ಲ ವೆಂಕಟರಮಣನಿಗೆ ಬಾಯಿಪಾಠ. ಆದರೆ ಹುಲಿ ಓಡಿದ ಇಸವಿಯನ್ನು ಮನೆಯಲ್ಲಿ ಯಾರೂ ಹೇಳಿರಲಿಲ್ಲ.

“ಸಾವಿರದ ಒಂಬೈನೂರು ಅಂತ ಹಾಕ್ಸಿಬಿಡಿ,” ಎಂದಳು ಜಗುಲಿಯಿಂದ ಹೆಂಡತಿ ಸರೋಜ. “ಸೊನ್ನೆ ಬರೆಯೋದೂ ಸುಲಭ.”

ಹಾಗೆ ಹಾಕಿಸುವಂತಿರಲಿಲ್ಲ. ಬೇಲಿಯ ಆಚೆ ಸುಬ್ಬಯ್ಯ ನಿಂತಿದ್ದ. ಸುಬ್ಬಯ್ಯ ವೆಂಕಟರಮಣನ ಸೋದರತ್ತೆಯ ಒಬ್ಬನೇ ಮಗ. ಅತ್ತೆಯನ್ನು ಪಕ್ಕದ ತೋಟಕ್ಕೇ ಕೊಟ್ಟಿದ್ದರಿಂದ ನೆಂಟನೂ ಹೌದು, ನೆರೆಯವನೂ ಹೌದು. ಎರಡರ ಉಪದ್ರವವೂ ಒಬ್ಬನಿಂದಲೇ ಸಿಗುತ್ತಿತ್ತು. ಅವನ ಗೇಟಿನಲ್ಲಿ ‘ಸ್ಥಾಪನೆ 1921’ ಎಂಬ ಬೋರ್ಡು ಎದ್ದು ಎರಡು ತಿಂಗಳಾಗಿತ್ತು. ಆ ಎರಡು ತಿಂಗಳೂ ವೆಂಕಟರಮಣನಿಗೆ ಸರಿಯಾಗಿ ಊಟ ಸೇರಿರಲಿಲ್ಲ.

“ಇಸವಿ ಸಿಗ್ತಿಲ್ವನಾ ಮಾರಾಯ?” ಎಂದ ಸುಬ್ಬಯ್ಯ. “ಮೊನ್ನೆ ಮೊನ್ನೆಯದ್ದಾದ್ರೆ ತಾರೀಖನ್ನೂ ಹಾಕಬಹುದಲ್ಲ.”

“ನಿನ್ನದಕ್ಕಿಂತ ಹಳೇದು.”

“ಕಾಗದ ತೋರ್ಸು.”

“ತೋರಿಸ್ತೀನಿ! ಇವತ್ತು ಸಂಜೆಯೊಳಗೆ ತೋರಿಸ್ತೀನಿ!”

ಗುರುವ ಬ್ರಷ್ಷನ್ನು ಟರ್ಪೆಂಟೈನ್ ಡಬ್ಬಿಗೆ ಇಳಿಸಿ ಹಲಸಿನ ಮರದ ನೆರಳಲ್ಲಿ ಕೂತ. ದಿನಗೂಲಿಯವನಿಗೆ ಚರಿತ್ರೆ ಎಷ್ಟು ಉದ್ದವಿದ್ದರೂ ತೊಂದರೆಯಿಲ್ಲ.

ಕೊಪ್ಪದ ಬಸ್ಸಿನಲ್ಲಿ ಕಂಡಕ್ಟರ್ ವಾಡಿಕೆಯಂತೆ ಕೇಳಿದ, “ಎಲ್ಲಿಗೆ ಸವಾರಿ?”

“ತಾಲ್ಲೂಕು ಆಫೀಸಿಗೆ. ತೋಟದ ಹಳೇ ದಾಖಲೆ ತೆಗೆಸ್ಬೇಕು.”

ಮಾತಿನಿಂದ ತುಂಬಿದ್ದ ಬಸ್ಸು ನಲ್ಲಿ ತಿರುಗಿಸಿದ ಹಾಗೆ ಬಂದ್ ಆಯಿತು. ಆ ಸೀಮೆಯಲ್ಲಿ ಹಳೇ ದಾಖಲೆ ತೆಗೆಸುವವರು ಎರಡೇ ತರ, ಪಾಲು ಮಾಡುವವರು ಮತ್ತು ಮಾರುವವರು. ಹೆಣ್ಣುಮಕ್ಕಳಿಗೂ ಸಮಪಾಲು ಎಂಬ ಕಾನೂನು ಬಂದು ವರ್ಷವೂ ತುಂಬಿರಲಿಲ್ಲ. ಅಕ್ಕತಂಗಿಯರಿದ್ದ ಗಂಡಸರೆಲ್ಲ ಆ ವಿಷಯ ಬಂದರೆ ಮೆಲ್ಲಗೆ ಮಾತನಾಡುತ್ತಿದ್ದ ಕಾಲ.

“ಪಾಲಾ?” ಎಂದರು ಪಕ್ಕದ ಸೀಟಿನ ಹಿರಿಯರು, ಸಾವಿನ ಮನೆಯಲ್ಲಿ ಕೇಳುವ ಧ್ವನಿಯಲ್ಲಿ.

“ಪಾಲೂ ಇಲ್ಲ, ಗೀಲೂ ಇಲ್ಲ. ಚರಿತ್ರೆ.”

“ಹೌದೌದು,” ಎಂದು ಹಿರಿಯರು ಅವನ ಮೊಣಕಾಲು ತಟ್ಟಿದರು. “ಹೊರಗೆ ಹಾಗೇ ಹೇಳ್ಬೇಕು.”

ಹಿಂದಿನ ಸೀಟಿನ ಹೆಂಗಸೊಬ್ಬಳು ಗಟ್ಟಿಯಾಗಿ ಉಸುರಿದಳು, “ಪಾಪ, ಸೀತಕ್ಕ!”

ಸೀತಕ್ಕ ವೆಂಕಟರಮಣನ ಅಕ್ಕ, ಜಯಪುರಕ್ಕೆ ಕೊಟ್ಟಿತ್ತು. ಅಪ್ಪ ತೀರಿಕೊಂಡ ಮೇಲೆ ತೋಟವನ್ನು ಅವನೊಬ್ಬನೇ ನೋಡಿಕೊಂಡು, ಒಬ್ಬನೇ ಉಣ್ಣುತ್ತಿದ್ದ. ಅವಳು ಕೇಳಿರಲಿಲ್ಲ, ಅವನು ನೆನಪಿಸಿರಲಿಲ್ಲ. ಅಕ್ಕತಮ್ಮಂದಿರ ಪ್ರೀತಿ ಇದೊಂದರ ಮೇಲೆ ಗಟ್ಟಿಯಾಗಿ ನಿಂತಿತ್ತು.

ಆಫೀಸಿನಲ್ಲಿ ಆಡಲು ಅವನು ದಾರಿಯುದ್ದಕ್ಕೂ ಜಗಳ ತಯಾರಿಸಿಕೊಂಡಿದ್ದ. ಒಂದೂ ಉಪಯೋಗಕ್ಕೆ ಬರಲಿಲ್ಲ. ರೆಕಾರ್ಡು ರೂಮಿನ ಷಡಕ್ಷರಿ ಅವನನ್ನು ಕೂರಿಸಿದರು, ನೀರು ಕೊಟ್ಟರು.

“ಎಂತಕ್ಕೆ ಬೇಕು ಅಂತ ಬರೀಲಿ? ಪಾಲಿಗಾ, ತಕರಾರಿಗಾ?”

“ಚರಿತ್ರೆಗೆ ಸ್ವಾಮಿ! ಬರೀ ಚರಿತ್ರೆಗೆ!”

ಷಡಕ್ಷರಿ ಕನ್ನಡಕ ತೆಗೆದು ನೋಡಿದರು. “ಇಷ್ಟು ವರ್ಷಕ್ಕೆ ನೀವೇ ಮೊದಲು,” ಎಂದು ಸಂತೋಷದಿಂದ ಒಳಗೆ ಹೋಗಿ, ಊಟದ ಹೊತ್ತಿಗೆ ಹಪ್ಪಳದಷ್ಟು ಗರಿಗರಿಯಾದ ಹಳೇ ಖಾತೆ ಪುಸ್ತಕದೊಂದಿಗೆ ಹೊರಬಂದರು. ಮೊಹರು ಹಾಕಿದ ನಕಲು ಕೈಗೆ ಬಂದಾಗ ವೆಂಕಟರಮಣನ ಕಣ್ಣು ಮೊದಲು ಬಿದ್ದದ್ದು ಇಸವಿಯ ಮೇಲೆ: 1918. ಸುಬ್ಬಯ್ಯನಿಗಿಂತ ಮೂರು ವರ್ಷ ಹಳೆಯದು! ಆಮೇಲೆ ಬೇರೆ ಯಾವ ಅಕ್ಷರವೂ ಅವನಿಗೆ ಕಾಣಿಸಲಿಲ್ಲ. ಕಾಗದವನ್ನು ಮಡಿಸಿ ಎದೆಯ ಜೇಬಿಗಿಟ್ಟು ಬಸ್‌ಸ್ಟ್ಯಾಂಡಿಗೆ ಓಡಿದ.

ಅಲ್ಲಿ ಮೊಬೈಲ್ ಅರಚತೊಡಗಿತು. ಮೊದಲು ನರಸಿಂಹರಾಜಪುರದಿಂದ ಸರೋಜಳ ಅಣ್ಣ. “ಭಾವ, ಹೆದರ್ಬೇಡಿ. ನನಗೊಬ್ಬ ವಕೀಲ ಗೊತ್ತು. ಅಕ್ಕತಂಗೀರನ್ನ ಓಡ್ಸೋದ್ರಲ್ಲೇ ಹೆಸರು ಮಾಡಿದಾನೆ.”

“ಯಾರನ್ನೂ ಓಡ್ಸೋದಿಲ್ಲ ಮಾರಾಯ! ಬೋರ್ಡಿಗೆ ಇಸವಿ ಬೇಕಿತ್ತು!”

“ಹಾಂ, ಹಾಗೇ ಹೇಳ್ತಾ ಇರಿ.”

ಆಮೇಲೆ ಶೃಂಗೇರಿಯಿಂದ ದೂರದ ಮಾವ. “ಮಾರೋದೇ ಆದ್ರೆ ಹೊರಗಿನವರಿಗೆ ಯಾಕೆ? ಕಾಫಿ ಇರೋ ಭಾಗ ನಮಗಿರ್ಲಿ.” ಮೂರನೆಯ ಕರೆ ಸೀತಕ್ಕನದು. ಅವಳು ಮೊದಲು ಮೂಗು ಎಳೆದಳು. ಕೊನೆಗೆ, “ನನ್ನ ಕೇಳಿದ್ರೆ ನಾನೇ ಸೈನ್ ಹಾಕಿ ಬಿಟ್ಟುಕೊಡ್ತಿದ್ದೆ. ಕದ್ದು ಹೋದ್ಯಲ್ಲ? ಈಗ ಬಿಡಲ್ಲ,” ಎಂದು ಫೋನಿಟ್ಟಳು.

ನಾರ್ವೆಯಲ್ಲಿ ಬಸ್ಸಿಳಿದು ಬಂದಾಗ ಅಂಗಳದಲ್ಲಿ ಬಾಡಿಗೆ ಜೀಪು ನಿಂತಿತ್ತು. ಜೀಪಿಗೆ ಒರಗಿ ಸೀತಕ್ಕ, ದಪ್ಪ ಕೈಚೀಲದೊಂದಿಗೆ. ಸರೋಜ ಅವಳಿಗೆ ಕಾಫಿ ಕೊಟ್ಟು, ತಾನೂ ಅತ್ತು, ಇಬ್ಬರೂ ಒಂದೇ ಕಡೆಯವರಾಗಿಬಿಟ್ಟಿದ್ದರು. ಸುಬ್ಬಯ್ಯ ಹಗ್ಗ ಹಿಡಿದು ಗಡಿಯುದ್ದಕ್ಕೂ ಗೂಟ ಹೊಡೆಯುತ್ತಿದ್ದ.

“ನೀನೆಂತ ಮಾಡ್ತಿದೀಯೋ?”

“ಪಾಲಾಗೋವಾಗ ನನ್ನ ಎರಡು ಮೊಳ ನಿಮ್ಮೊಳಗೆ ಸೇರ್ಬಾರ್ದಲ್ಲ. ನೀನೂ ಅಳೀತೀಯ, ನಾನೂ ಅಳೀತೀನಿ.”

“ಪಾಲೇ ಇಲ್ಲ ಅಂತಿದೀನಲ್ಲ!”

“ಹಾಗಾದ್ರೆ ಆಫೀಸಿಗೆ ಎಂತಕ್ಕೆ ಹೋದೆ?” ಎಂದಳು ಸೀತಕ್ಕ.

“ಇಸವಿಗೆ, ಅಕ್ಕ! ಈ ತಗಡಿಗೆ! ಬೇಕಾದ್ರೆ ಗುರುವನನ್ನ ಕೇಳು!”

ಗುರುವ ನಿದ್ದೆ ಮಾಡುತ್ತಿದ್ದ. ಅವನನ್ನು ಎಬ್ಬಿಸಿ, ಸಾಕ್ಷಿ ಹೇಳಿಸಿ, ಬೋರ್ಡಿನ ಖಾಲಿ ಜಾಗವನ್ನು ಬೆರಳಿಟ್ಟು ತೋರಿಸಿ, ದೇವರ ಮೇಲೆ ಆಣೆ ಮಾಡಿದ ಮೇಲೆ ಸೀತಕ್ಕನ ಮುಖ ಸಡಿಲವಾಯಿತು.

“ಇಷ್ಟೇನಾ? ಅಯ್ಯೋ, ಹಿಂಗಾ! ಜೀಪಿನ ಬಾಡಿಗೆ ದಂಡ. ತಗೋ, ಹಲಸಿನ ಹಪ್ಪಳ ತಂದಿದೀನಿ,” ಎಂದು ಕೈಚೀಲ ಸರೋಜಳಿಗೆ ಕೊಟ್ಟು ಹೊರಡಲು ಸೆರಗು ಸರಿಮಾಡಿಕೊಂಡಳು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಸುಬ್ಬಯ್ಯ ಹಗ್ಗ ಸುತ್ತುತ್ತ, “ಅದೆಲ್ಲ ಸರಿ, ಇಸವಿ ಸಿಕ್ತಾ?” ಎಂದುಬಿಟ್ಟ.

ಬೆಳಗಿನಿಂದ ತಿಂದ ಅವಮಾನವೆಲ್ಲ ವೆಂಕಟರಮಣನ ಗಂಟಲಿಗೆ ಬಂತು. “ನಿಲ್ಲು ಅಕ್ಕ, ನೀನೂ ಕೇಳಿಸ್ಕೊಂಡು ಹೋಗು!” ಎಂದು ಜೀಪಿನ ಬಾಗಿಲು ತಾನೇ ಮುಚ್ಚಿದ. ಜಗುಲಿ ಹತ್ತಿ, ಕಾಗದ ಬಿಡಿಸಿ, ಕಣಿವೆಯಾಚೆಗೂ ಕೇಳುವಂತೆ ಓದಿದ.

“‘ಇಸವಿ 1918ರಲ್ಲಿ, ನಾರ್ವೆ ಗ್ರಾಮದ ಸದರಿ ತೋಟವನ್ನು’... ಕೇಳಿಸ್ತಾ ಸುಬ್ಬಯ್ಯ, ಹದಿನೆಂಟು! ‘ಸದರಿ ತೋಟವನ್ನು ತನ್ನ ಮಗಳು ಯಮುನಮ್ಮಳಿಗೆ ವಿವಾಹ ಕಾಲದಲ್ಲಿ ಅರಿಶಿನ ಕುಂಕುಮದ ಬಾಬ್ತು ಕೊಟ್ಟು, ಖಾತೆಯನ್ನು ಆಕೆಯ ಹೆಸರಿಗೇ...’”

ಧ್ವನಿ ಏರಿನಲ್ಲಿ ಗೇರು ತಪ್ಪಿದ ಲಾರಿಯಂತೆ ನಿಂತಿತು. ಯಮುನಮ್ಮ ಅವನ ಅಜ್ಜಿ, ಅಪ್ಪನ ತಾಯಿ; ತೋಟ ಕೊಟ್ಟದ್ದು ಅವಳ ತಂದೆ. ಹುಲಿ ಓಡಿಸಿದ ಅಜ್ಜ ಕಾಗದದ ಕೊನೆಯಲ್ಲಿದ್ದ, ಸಾಕ್ಷಿಯಾಗಿ, ಒಂದು ಹೆಬ್ಬೆಟ್ಟಿನೊಂದಿಗೆ.

“ತೋಟ ಅಜ್ಜಿದಾ?” ಎಂದಳು ಸೀತಕ್ಕ ನಿಧಾನವಾಗಿ. ಹೋದ ವರ್ಷ ಪೇಪರಿನಲ್ಲಿ ಬಂದದ್ದನ್ನೆಲ್ಲ ಅವಳು ಎರಡೆರಡು ಸಲ ಓದಿದ್ದಳು. “ಅಂದ್ರೆ ಅಜ್ಜಿಯ ಮಕ್ಕಳಿಬ್ರಿಗೂ ಸಮ. ಅಪ್ಪಂಗೆ ಅರ್ಧ, ಅತ್ತೆಗೆ ಅರ್ಧ. ಅಪ್ಪನ ಅರ್ಧದಲ್ಲಿ ನಾನೂ ನೀನೂ.”

“ಅಕ್ಕ, ನೀನು ಬಿಟ್ಟುಕೊಡ್ತೀನಿ ಅಂದಿದ್ದೆ...”

“ಅದು ಅಪ್ಪನ ಆಸ್ತಿ ಅಂದ್ಕೊಂಡಿದ್ದಾಗ ಕಣೋ. ಅಜ್ಜಿ ಅರಿಶಿನ ಕುಂಕುಮದ್ದನ್ನ ಮೊಮ್ಮಗಳು ಬಿಡಬಾರ್ದು,” ಎಂದು ಅವಳು ಪುನಃ ಜಗುಲಿಯ ಮೇಲೆ ಕೂತಳು.

ಸುಬ್ಬಯ್ಯ ತಾನು ಹೊಡೆದ ಗೂಟಗಳನ್ನು ಒಂದೊಂದಾಗಿ ಕಿತ್ತು ಕಂಕುಳಲ್ಲಿ ಜೋಡಿಸಿಕೊಂಡ.

“ಅಯ್ಯೋ, ಕೀಳೋದ್ಯಾಕೆ? ಗಡಿ ಅಲ್ಲೇ ಅಲ್ವಾ ಇರೋದು?” ಎಂದ ವೆಂಕಟರಮಣ, ಮೊದಲ ಸಲ ಮೆತ್ತಗೆ.

“ಬೆಳಿಗ್ಗೆ ಇತ್ತು ಮಾರಾಯ,” ಎಂದ ಸುಬ್ಬಯ್ಯ ಅಷ್ಟೇ ಮೆತ್ತಗೆ. “ನಮ್ಮಮ್ಮನೂ ಯಮುನಮ್ಮನ ಮಗಳೇ ಅಲ್ವಾ?”

ಬೇಲಿ ದಾಟಿ, ಅಂಗಳ ದಾಟಿ, ಅವನು ತೋಟದ ನಟ್ಟನಡುವಿನ ಕಡೆಗೆ ನಡೆದ. ಅಲ್ಲಿ ನಿಂತು ಹಗ್ಗದ ಒಂದು ತುದಿಯನ್ನು ಹಿಂದಕ್ಕೆ ಎಸೆದು ಕೂಗಿದ.

“ಒಬ್ಬನ ಕೈಲಿ ಆಗಲ್ಲ ವೆಂಕಟ, ಆ ತುದಿ ಹಿಡ್ಕೋ!”

ಬೇರೆ ಯಾರೂ ಏಳಲಿಲ್ಲವಾದ್ದರಿಂದ ವೆಂಕಟರಮಣನೇ ಹೋಗಿ ಹಿಡಿದುಕೊಂಡ.