ನಡಾವಳಿಯಲ್ಲಿ ಉಳಿದ ಮಾತು

ಅಕ್ಷರ ದುಂಡಗಿದ್ದದ್ದೇ ಗಿರಿಯಪ್ಪ ಮಾಸ್ತರರಿಗೆ ಮುಳುವಾಯಿತು. ದುಂಡಸಿಯ ಬೋರ್ಡ್ ಶಾಲೆಯಲ್ಲಿ ಮಾಸ್ತರರ ಸಭೆಯ ನಡಾವಳಿ ಬರೆಯುವ ಕೆಲಸ ಅವರ ಕೊರಳಿಗೆ ಬಿತ್ತು. ಅಲ್ಲಿಯವರೆಗೆ ‘ಸಭೆ ಕೂಡಿತು, ಚರ್ಚೆಯಾಯಿತು, ಮುಗಿಯಿತು’ ಎಂಬ ಮೂರೇ ಮಾತಿನಲ್ಲಿ ಪ್ರತಿ ತಿಂಗಳೂ ಸಾಂಗವಾಗಿ ನಡೆದಿತ್ತು. ಈ ಮಹಾಶಯರು ಮಾತ್ರ ಶನಿವಾರದ ಸಭೆಯಲ್ಲಿ ಯಾರು ಏನೆಂದರೋ ಅದನ್ನೆಲ್ಲ ಮೊದಲು ಒಂದು ಕರಡು ಹಾಳೆಯಲ್ಲಿ ಬರೆದಿಟ್ಟರು.

ಪಾಪ, ಅವರಿಗೂ ಒಂದು ಆಸೆಯಿತ್ತು. ಮದುವೆಯಾಗಿ ವರ್ಷ ಕಳೆದರೂ ಹೆಂಡತಿ ಸರೋಜವ್ವ ದೂರದ ಅಬಲೂರಿನಲ್ಲಿ, ಇವರು ಇಲ್ಲಿ ರೊಟ್ಟಿ ಕರಕುಮಾಡಿಕೊಂಡು ತಿನ್ನುತ್ತ. ಅಬಲೂರಿಗೆ ವರ್ಗವಾಗುವಂತೆ ಸಹಾಯ ಮಾಡಿರೆಂದು ಸಭೆಯಲ್ಲಿ ಅಂಗಲಾಚಿದ್ದರು. ಉಳಿದ ಮೂವರು ಮಾಸ್ತರರೂ ಮನಸಾರೆ ಒಪ್ಪಿದ್ದರು. ಸೋಮವಾರ ತಪಾಸಣೆಗೆ ಬರುವ ಡೆಪ್ಯುಟಿ ಸಾಹೇಬರು ನಡಾವಳಿ ಓದಿದರೆ ಕೆಲಸವಾದಂತೆಯೇ ಎಂದು ಗಿರಿಯಪ್ಪನವರು ಕನಸು ಕಂಡರು.

ಸೋಮವಾರ ಬೆಳಿಗ್ಗೆ ಹಾಳೆ ತೋರಿಸಿದಾಗ ಹೆಡ್ ಮಾಸ್ತರ ಉಳವಪ್ಪನವರು ಬೆವೆತುಹೋದರು.

“‘ಸುಗ್ಗ್ಯಾಗ ಹುಡುಗ್ರು ಬರಂಗಿಲ್ಲ, ಹಾಜರಿ ನಾವ ಹಾಕೂಣು’ ಅಂತ ಬರದೀರಲ್ರಿ!”

“ನೀವ ಅಂದಿದ್ರೆಲ್ರಿ.”

“ಅಂದದ್ದೆಲ್ಲಾ ಬರಿಯಾಕ ನೀವೇನು ಚಿತ್ರಗುಪ್ತರೇನು? ಹೊಡದ್ಹಾಕ್ರಿ ಅದನ್ನ!”

ದ್ಯಾಮಪ್ಪ ಮಾಸ್ತರರದು ಇನ್ನೊಂದು ಗೋಳು. ಹೊಸ ಗಣಿತದ ಪುಸ್ತಕ ತಮಗೇ ತಿಳಿಯುವುದಿಲ್ಲವೆಂದು ಅವರು ಸಭೆಯಲ್ಲಿ ಒಪ್ಪಿಕೊಂಡಿದ್ದರು. “ಅಂದೇನಿ ಖರೆ, ಬರೀರಿ ಅಂದಿದ್ದೆನೇನು?” ಎಂದು ತಾವೇ ಆ ಸಾಲಿಗೆ ಗೀಟು ಎಳೆದರು.

ಹನುಮಂತಪ್ಪ ಮಾಸ್ತರರು ಸಭೆಯ ನಡುವೆ ಗೊರಕೆ ಹೊಡೆದಿದ್ದರು. ಅದೂ ಹಾಳೆಯಲ್ಲಿತ್ತು.

“ನಾ ಕಣ್ಣ ಮುಚ್ಚಿ ವಿಚಾರ ಮಾಡಾಕತ್ತಿದ್ದೆ!”

“ಸಪ್ಪಳ ಬಂತಲ್ರಿ?”

“ಆಳವಾದ ವಿಚಾರಕ್ಕ ಸಪ್ಪಳ ಇರತೈತ್ರಿ. ತಗೀರಿ. ನಿಮ್ಮ ವರ್ಗದ ಠರಾವೊಂದು ಇರ್ಲಿ, ಅದಕ್ಕ ಎಲ್ಲಾರದೂ ಒಪ್ಪಿಗಿ ಐತಿ.”

“ಎಲ್ಲಾರ ಮಾತೂ ಹೋದ ಮ್ಯಾಲ ನಿಮ್ಮ ಅಳು ಒಂದ ಇದ್ರ ಚಂದ ಕಾಣಂಗಿಲ್ಲ” ಎಂದು ಉಳವಪ್ಪನವರು ಸೇರಿಸಿದರು. ನ್ಯಾಯವೆನಿಸಿ ಗಿರಿಯಪ್ಪನವರು ತಮ್ಮ ವಿನಂತಿಯನ್ನೂ ಹೊಡೆದುಹಾಕಿದರು. ಅಷ್ಟರಲ್ಲಿ ತಲೆ ಎಷ್ಟು ಗೊಂದಲವಾಗಿತ್ತೆಂದರೆ, ಶನಿವಾರ ಸಭೆ ಆಗಿತ್ತೋ ಇಲ್ಲವೋ ಎಂದು ಅವರಿಗೇ ಅನುಮಾನ. ಉಳಿದ ಠರಾವನ್ನಷ್ಟೇ ದುಂಡಗೆ ಪುಸ್ತಕಕ್ಕೆ ಇಳಿಸಿದರು. ಮೂವರೂ ಸಂತೋಷದಿಂದ ರುಜು ಹಾಕಿದರು.

ಮಧ್ಯಾಹ್ನ ಸಾಹೇಬರು ಬಂದು ಪುಸ್ತಕ ತೆರೆದು ಗಟ್ಟಿಯಾಗಿ ಓದಿದರು: ‘ಗಿರಿಯಪ್ಪ ಮಾಸ್ತರರನ್ನು ಈ ಶಾಲೆಯಿಂದ ಕೂಡಲೇ ತೆಗೆದು ಅಬಲೂರಿಗೆ ಕಳಿಸತಕ್ಕದ್ದೆಂದು ಎಲ್ಲರೂ ಒಮ್ಮತದಿಂದ ಠರಾಯಿಸಿದರು.’

ಹಾಳೆ ತಿರುವಿದರು. ಆ ಸಭೆಯದು ಹಿಂದೆ ಮುಂದೆ ಮತ್ತೇನೂ ಇರಲಿಲ್ಲ. ಸಾಹೇಬರ ಮುಖ ಕೆಂಪಗಾಯಿತು.

“ಮೂರು ಮಂದಿ ಕೂಡಿ ಒಬ್ಬ ಬಡಪಾಯಿನ್ನ ಓಡಸಾಕ ಸಭಾ ಮಾಡ್ತೀರೇನು? ಅದನ್ನೂ ಅವರ ಕೈಲೇ ಬರಿಸೀರಿ!”

“ಇಲ್ರಿ ಸಾಹೇಬ್ರ, ನನಗ ಹೋಗಬೇಕಾಗೇತ್ರಿ” ಎಂದು ಗಿರಿಯಪ್ಪನವರು ತೊದಲಿದರು. “ನಾನ ಕೇಳ್ಕೊಂಡಿದ್ದೆ.”

“ಹಂಗಾರ ಅದನ್ನ ಯಾಕ ಬರೀಲಿಲ್ಲ?”

ಗಿರಿಯಪ್ಪನವರು ಉಳವಪ್ಪನವರತ್ತ ನೋಡಿದರು. ಉಳವಪ್ಪನವರು ಮಾಡಿನ ಹೆಂಚು ಎಣಿಸುತ್ತಿದ್ದರು. ಹೊಡೆದುಹಾಕಿದ ಹಾಳೆಯ ಸುದ್ದಿ ತೆಗೆದರೆ ಸುಗ್ಗಿಯ ಹಾಜರಿಯೂ ಹೊರಬೀಳುತ್ತದೆ; ಅದರಲ್ಲಿ ತಮ್ಮ ತರಗತಿಯ ಹುಡುಗರ ಹಾಜರಿಯೂ ಇದೆ.

“ಹೆಡ್ ಮಾಸ್ತರ ಮುಂದ ನಿಂತಾರಂತ ಅಂಜಾಕತ್ತೀರಿ. ನನಗೆಲ್ಲಾ ತಿಳೀತೈತಿ” ಎಂದು ಸಾಹೇಬರು ಕೆಂಪು ಶಾಯಿಯಲ್ಲಿ ಠರಾವಿಗೆ ಅಡ್ಡಗೀಟು ಎಳೆದರು. ಎದ್ದು ಬಂದು ತಂದೆಯ ಅಕ್ಕರೆಯಿಂದ ಗಿರಿಯಪ್ಪನವರ ಬೆನ್ನು ತಟ್ಟಿದರು.

“ಧೈರ್ಯದಿಂದ ಇರ್ರಿ. ನಾ ಇರೂತನಕ ನಿಮ್ಮನ್ನ ದುಂಡಸಿಯಿಂದ ಯಾವನೂ ಅಲ್ಲಾಡಸಂಗಿಲ್ಲ!”