ಜಾಡಿಯೊಳಗೆ ಮಾವನ ಬಲಗೈ

ಅನಾಹುತ ಶುರುವಾದದ್ದು ಭಾನುವಾರ ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ. ಎಲ್ಲದಕ್ಕೂ ಕಾರಣ ನಮ್ಮ ಸೋದರಮಾವ. ಮನುಷ್ಯರನ್ನು ನಂಬುವುದರಲ್ಲಿ ಅವರಷ್ಟು ಭೋಳೆ ನಾಗಪುರದಲ್ಲಿ ಇನ್ನೊಬ್ಬರಿರಲಿಲ್ಲ. ಪಿಂಗಾಣಿಯ ವಿಷಯಕ್ಕೆ ಬಂದರೆ ಮಾತ್ರ ಪೊಲೀಸರಿಗಿಂತ ಹೆಚ್ಚು ಸಂಶಯ!

ಹುಬ್ಬಳ್ಳಿಯಿಂದ ವರ್ಗವಾಗಿ ಬಂದ ಮಾವನಿಗೆ ರೈಲ್ವೆ ಪಾರ್ಸೆಲ್ ಆಫೀಸಿನಲ್ಲಿ ಒಡೆದ ಸಾಮಾನಿನ ದೂರು ವಿಚಾರಿಸುವ ಕೆಲಸ. ವರ್ಷಗಟ್ಟಲೆ ಚೂರು ನೋಡಿ ನೋಡಿ ಇಡೀ ಪಾತ್ರೆಯ ಜಾತಕ ಹೇಳುವುದನ್ನು ಕಲಿತಿದ್ದರು. ತಳದ ಚೀನೀ ಮುದ್ರೆಗೆ ಮಾತ್ರ ಕವಡೆಯ ಬೆಲೆಯನ್ನೂ ಕೊಡುತ್ತಿರಲಿಲ್ಲ. "ಸಹಿ ಯಾರ್ ಬೇಕಾದ್ರೂ ಮಾಡ್ತಾರ. ದಿನಾ ನೋಡ್ತೀನಿ!" ಭೂತಗನ್ನಡಿ ಹಿಡಿದು ಹೊಳಪಿನೊಳಗಿನ ಗುಳ್ಳೆ ನೋಡಬೇಕು, ನೀಲಿ ದಟ್ಟವಾದಲ್ಲಿ ಕಪ್ಪು ಚುಕ್ಕೆ ಇಳಿದಿದೆಯೇ ನೋಡಬೇಕು, ಉಗುರಿನಿಂದ ಬಡಿದು ದನಿ ಕೇಳಬೇಕು; ಅಸಲಿಯಾದರೆ 'ಟಣ್' ಎನ್ನಬೇಕು. ಒಮ್ಮೆ ತಮ್ಮ ಸಾಹೇಬರ ಮನೆಯಲ್ಲೇ ಕಪ್ಪನ್ನು ಬಡಿದು "ನಕಲಿ" ಎಂದುಬಿಟ್ಟರು. ಚಹಾ ಇನ್ನೂ ಅದರಲ್ಲೇ ಇತ್ತು! ಆ ವರ್ಷದ ಬಡ್ತಿ ಎಲ್ಲಿ ಹೋಯಿತೋ ಗೊತ್ತಿಲ್ಲ.

ಆ ಭಾನುವಾರ ಸಿವಿಲ್ ಲೈನ್ಸಿನ ವೃದ್ಧೆಯೊಬ್ಬರು, ತೀರಿಹೋದ ಗಂಡ ತಂದಿದ್ದ ನೀಲಿ-ಬಿಳಿ ಜಾಡಿ ಅಸಲಿಯೇ ಎಂದು ತಿಳಿಯಲು ಕರೆಸಿದ್ದರು. ಮಾವ, ಅತ್ತೆ, ಅವರ ಮನೆಯಲ್ಲಿದ್ದು ಬಿ.ಎ. ಓದುತ್ತಿದ್ದ ನಾನು ಟಾಂಗಾದಲ್ಲಿ ಹೋದೆವು. ಗುಳ್ಳೆ ಪಾಸು. ಚುಕ್ಕೆ ಪಾಸು. ಹಿಂದಿನ ಕಾಲದಲ್ಲಿ ಜಾಡಿಯನ್ನು ಎರಡು ಭಾಗವಾಗಿ ಮಾಡಿ ಕೂಡಿಸುತ್ತಿದ್ದರಂತೆ. ಆ ಬೆಸುಗೆಯ ಗುರುತು ಒಳಗಿನಿಂದ ಬೆರಳಿಗೆ ತಾಗಬೇಕಂತೆ. ಹತ್ತು ಇಪ್ಪತ್ತಕ್ಕೆ ಬಲಗೈ ಒಳಗೆ ಹೋಯಿತು.

"ಸಿಕ್ತು! ಬರೋಬರ್ ನಡುವ ಐತಿ! ಅಸಲಿ!"

ಕೈ ಮಾತ್ರ ಹೊರಗೆ ಬರಲಿಲ್ಲ.

ಎಳೆದಷ್ಟೂ ಬಾತುಕೊಂಡಿತು. ಮಣಿಕಟ್ಟು ನೇರಳೆಯಾಯಿತು. "ಬೆರಳು ಮರಗಟ್ಟ್ಯಾವಲೇ," ಎಂದರು ಮಾವ, ಬಹಳ ಮೆಲ್ಲಗೆ. ವೃದ್ಧೆ ಮರಾಠಿಯಲ್ಲಿ "ಫೋಡಾ, ಫೋಡಾ!" ಎನ್ನುತ್ತ ಸುತ್ತಿಗೆ ತಂದು ನನ್ನ ಕೈಗಿಟ್ಟರು.

"ಹುಚ್ಚಾ, ಒಡೀಬ್ಯಾಡ! ಇದು ಮುನ್ನೂರು ವರ್ಷದ್ದು. ನನ್ನ ಕೈ ಬರೀ ಐವತ್ತರದು!"

ಅಷ್ಟರಲ್ಲಿ ಅತ್ತೆ ಬಿಕ್ಕಿದರು. ಮಾವ ಅವರ ಮುಖವನ್ನೊಮ್ಮೆ ನೋಡಿ ತಲೆ ತಗ್ಗಿಸಿದರು. "ನಕಲಿ ಐತಿ. ಒಡಿ ಲೇ."

ಸುತ್ತಿಗೆ ಎತ್ತಿದೆ.

"ಇಡು ಕೆಳಗ!" ಅತ್ತೆ ಗದರಿದರು. "ಏನ್ರೀ, ಇಪ್ಪತ್ತೈದು ವರ್ಷ ಆತು, ನಿಮ್ಮ ಸುಳ್ಳು ನನಗ ಗೊತ್ತಾಗೂದಿಲ್ಲೇನು? ಕಿವಿ ಕೆಂಪಾಗ್ಯಾವ!"

ಕಣ್ಣೊರೆಸಿಕೊಂಡು ಮಾವನನ್ನು ನೆಲದ ಮೇಲೆ ಅಂಗಾತ ಮಲಗಿಸಿದರು. ಬಾವು ಇಳಿಯಲೆಂದು ಕೈಯನ್ನು ಜಾಡಿ ಸಮೇತ ಮೇಲೆತ್ತಿಸಿದರು. ಎತ್ತಿ ಹಿಡಿದು ನಿಂತವನು ಯಾರು? ನಾನೇ! ಮೇಲೆ ಮುನ್ನೂರು ವರ್ಷ, ನೇರ ಕೆಳಗೆ ಮಾವನ ಮೂಗು. ಬಹಳ ಹೊತ್ತಿನ ಮೇಲೆ ಅತ್ತೆ ಜಾಡಿ ಇಳಿಸಿ, ಒಳಗೆ ಸಾಬೂನಿನ ನೊರೆ ಸುರಿದರು.

"ಹೆಬ್ಬಟ್ಟು ಅಂಗೈಯಾಗ ಮಡಿಚ್ರಿ. ಬಳೆಗಾರನ ಹತ್ರ ಬಳಿ ಇಡಿಸ್ಕೊಳ್ಳುವಾಗ ಬಿಟ್ಟಂಗ ಕೈ ಸಡ್ಲ ಬಿಡ್ರಿ."

"ನಾ ಎಂದ ಬಳಿ ಇಡಿಸ್ಕೊಂಡೀನಿ?"

"ಅದಕ್ಕ ಸಿಕ್ಕೊಂಡೀರಿ!"

ಮಾವ ನಕ್ಕರು. ನಕ್ಕಾಗ ಕೈ ಸಡಿಲಾಯಿತು. ಪುಳಕ್ಕನೆ ಹೊರಗೆ ಬಂತು! ಜಾಡಿಗೆ ಒಂದು ಗೀರೂ ಇಲ್ಲ.

ಆದರೆ ಮೂರು ಬೆರಳಿಗೆ ಸ್ಪರ್ಶಜ್ಞಾನವೇ ಇರಲಿಲ್ಲ. ಕಾದು ನೋಡೋಣ ಎಂದರು ಡಾಕ್ಟರು. ಮನೆಯಲ್ಲಿ ಎಲ್ಲರ ನಿದ್ದೆಯೂ ಹಾರಿಹೋಯಿತು. ನನ್ನ ಕನಸಿನಲ್ಲಿ ಸುತ್ತಿಗೆ ಪ್ರತಿ ಸಲವೂ ಬೀಳುತ್ತಿತ್ತು. ಅತ್ತೆ ತಾಸಿಗೊಮ್ಮೆ ಎದ್ದು ಆ ಬೆರಳುಗಳನ್ನು ಉಗುರಿನಿಂದ ಬಡಿದು, "ಗೊತ್ತಾಗ್ತೈತೇನ್ರಿ?" ಎಂದು ಕೇಳುತ್ತಿದ್ದರು. ಒಮ್ಮೆ ಮಾವ "ಹೂಂ" ಎಂದರು. ಅತ್ತೆ ಕಂದೀಲು ಹಿಡಿದು ಕಿವಿ ನೋಡಿ, ದೀಪ ತಗ್ಗಿಸಿ ಮಲಗಿದರು.

ಒಂಬತ್ತನೆಯ ದಿನ ಸಂಜೆ ಅತ್ತೆ ಕಿರುಬೆರಳನ್ನು ಬಡಿದಾಗ, ಮಾವ ಕಣ್ಣು ಮುಚ್ಚಿಕೊಂಡೇ ಹೇಳಿದರು:

"ಟಣ್!"

ಅತ್ತೆ ಬಗ್ಗಿ ಕಿವಿ ನೋಡಿದರು. ಕೆಂಪಾಗಿರಲಿಲ್ಲ. ಆ ಬೆರಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಕೂತರು, ಬಹಳ ಹೊತ್ತು. ಅಂದು ಮೂವರೂ ಬೆಳಗಾಗುವವರೆಗೆ ಎಚ್ಚರವಿಲ್ಲದೆ ಮಲಗಿದೆವು.